ಅಂಗಳದ ಜಲಪಾತ: ಸುರಿಯುವ ಅಂಚಿನಿಂದ ಪಂಪಿನ ತನಕದ ಲೆಕ್ಕ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಗಳಲ್ಲಿ ಗುಡ್ಡವನ್ನು ಕಡಿದು ಸಮತಟ್ಟು ಮಾಡಿದ ಜಾಗದಲ್ಲಿ ಮನೆ ಕಟ್ಟುವುದು ವಾಡಿಕೆಯಾದ್ದರಿಂದ, ಹಲವು ಮನೆಗಳ ಹಿಂದೆಯೋ ಪಕ್ಕದಲ್ಲೋ ಮುರಕಲ್ಲಿನ ಬರೆಯೊಂದು, ಅಂದರೆ ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮೈ, ಇದ್ದೇ ಇರುತ್ತದೆ. ಆ ಬರೆಯ ಎದುರು ನಾಲ್ಕಡಿ ಎತ್ತರದಿಂದ ನೀರು ಬೀಳುವಂತೆ ಮಾಡಿದರೆ ಹೇಗೆ ಎಂಬ ಯೋಚನೆ ಬಂದವರು ಸಾಮಾನ್ಯವಾಗಿ ಮೊದಲು ಪಂಪಿನ ಅಂಗಡಿಗೆ ಹೋಗುತ್ತಾರೆ. ಕೆಳಗಿನ ಕೊಳದ ನೀರನ್ನು ಪಂಪ್ ಮೇಲಿನ ತೊಟ್ಟಿಗೆ ಎತ್ತುತ್ತದೆ, ಅಲ್ಲಿಂದ ನೀರು ಕಲ್ಲಿನ ಅಂಚನ್ನು ದಾಟಿ ಮತ್ತೆ ಕೊಳಕ್ಕೇ ಬೀಳುತ್ತದೆ. ಓದಿ, ಅಳೆದು, ಲೆಕ್ಕ ಹಾಕಿ ನನಗೆ ಮನದಟ್ಟಾದ ಕ್ರಮ ಇದಕ್ಕೆ ಪೂರ್ತಿ ವಿರುದ್ಧವಾಗಿದೆ. ನೀರು ಧುಮುಕುವ ಕಲ್ಲಿನ ಅಂಚಿನ ಅಗಲವನ್ನು ಮೊದಲು ನಿರ್ಧರಿಸಿ, ಅಲ್ಲಿಂದ ಹಿಂದಕ್ಕೆ ಬರುತ್ತ ಪೈಪನ್ನೂ ಕೊನೆಗೆ ಪಂಪನ್ನೂ ಆರಿಸಬೇಕು. ಇದೇ ಕೆಲಸಕ್ಕೆ ಹೊರಟಿರುವ ಇತರರಿಗೂ ಉಪಯೋಗವಾಗಲೆಂದು ಟಿಪ್ಪಣಿಯನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ.

ಅಂಚು ಮತ್ತು ನೀರಿನ ಪ್ರಮಾಣ

ನೀರು ಹರಿದ ಪರದೆಯಂತೆ ಕಾಣದೆ ಒಂದೇ ತೆಳುವಾದ ಹಾಳೆಯಾಗಿ ಬೀಳಬೇಕಾದರೆ, ಅಂಚಿನ ಪ್ರತಿ ಸೆಂಟಿಮೀಟರ್ ಅಗಲಕ್ಕೆ ಗಂಟೆಗೆ ಸುಮಾರು 150 ಲೀಟರ್ ನೀರು ಬೇಕು ಎಂಬುದು ಈ ಕೆಲಸದಲ್ಲಿ ಬಳಕೆಯಲ್ಲಿರುವ ಅಂದಾಜು. ಭೋರ್ಗರೆಯುವ ಧಾರೆ ಬೇಕೆನ್ನುವವರು ಅದನ್ನು ಇಮ್ಮಡಿ ಮಾಡಿಕೊಳ್ಳುತ್ತಾರೆ. 30 ಸೆಂಟಿಮೀಟರ್ ಅಗಲದ ಅಂಚಿಗೆ ಹೀಗೆ ಗಂಟೆಗೆ 4,500 ಲೀಟರ್ ಬೇಕಾಗುತ್ತದೆ. ಕಾಲುವೆಗಳಲ್ಲಿ ನೀರಿನ ಹರಿವನ್ನು ಅಳೆಯಲು ಬಳಸುವ ಫ್ರಾನ್ಸಿಸ್ ಸೂತ್ರವನ್ನು ಇಲ್ಲಿಗೆ ಹಾಕಿ ನೋಡಿದರೆ, ಇಷ್ಟು ನೀರು ಅಂಚನ್ನು ದಾಟುವಾಗ ಅಂಚಿನ ಸ್ವಲ್ಪ ಹಿಂದೆ, ಅಂಚಿನ ಮಟ್ಟದಿಂದ ಮೇಲಕ್ಕೆ ಅದರ ಆಳ ಸುಮಾರು 17 ಮಿಲಿಮೀಟರ್ ಇರುತ್ತದೆ ಎಂಬ ಉತ್ತರ ಬರುತ್ತದೆ. ಅದೇ ಸೂತ್ರದ ಪ್ರಕಾರ ನೀರಿನ ಆಳ 1 ಸೆಂಟಿಮೀಟರ್ ಇದ್ದಾಗ ಗಂಟೆಗೆ ಸುಮಾರು 2,000 ಲೀಟರ್ ಹರಿದರೆ, 2 ಸೆಂಟಿಮೀಟರ್ ಇದ್ದಾಗ 5,600 ಲೀಟರ್ ಹರಿಯುತ್ತದೆ. ಆಳ ಎರಡು ಪಟ್ಟಾದರೆ ಹರಿವು ಎರಡೂಮುಕ್ಕಾಲು ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಆದ್ದರಿಂದ ಅಂಚಿನ ಒಂದು ತುದಿ ಅರ್ಧ ಸೆಂಟಿಮೀಟರ್ ತಗ್ಗಿದ್ದರೂ ನೀರು ಆ ಕಡೆಗೇ ಹೆಚ್ಚು ಸೇರಿ, ಇನ್ನೊಂದು ತುದಿಯಲ್ಲಿ ಹಾಳೆ ತೆಳುವಾಗಿ ಕಾಣುತ್ತದೆ. ಮೇಸ್ತ್ರಿ ಕಣ್ಣಳತೆಯಲ್ಲಿ ಕಲ್ಲು ಕೂರಿಸಲು ಹೊರಟರೆ ವಿನಯದಿಂದ ತಡೆದು, ಮಟ್ಟಗೋಲನ್ನು ಇಡಿಸಲೇಬೇಕು.

ಅಂಚಿಗೆ ನಮ್ಮ ಮುರಕಲ್ಲು ಹೊಂದುವುದಿಲ್ಲ. ರಂಧ್ರಗಳಿರುವ ಕಲ್ಲಾದ್ದರಿಂದ ಅದು ನೀರನ್ನು ಹೀರುತ್ತದೆ, ಅದರ ಒರಟು ಮೈಯ ಮೇಲೆ ನೀರಿನ ಹಾಳೆ ಹರಿದು ಚೂರಾಗುತ್ತದೆ. ಹಿಂಬದಿಯ ಗೋಡೆಗೂ ಅಕ್ಕಪಕ್ಕದ ಕಟ್ಟೆಗೂ ಮುರಕಲ್ಲನ್ನೇ ಬಳಸಿದರೆ ಒಂದು ಮಳೆಗಾಲದಲ್ಲೇ ಹಾವಸೆ ಹಿಡಿದು ಚೆನ್ನಾಗಿ ಕಾಣುತ್ತದೆ. ಆದರೆ ನೀರು ಹಾರುವ ಕಡೆ ಮಾತ್ರ ನಯವಾದ ಕರಿಕಲ್ಲಿನ ಚಪ್ಪಡಿ ಇರಲಿ. ಚಪ್ಪಡಿಯ ಅಡಿಭಾಗದಲ್ಲಿ ಮುಂದಿನ ಅಂಚಿಗೆ ಸಮೀಪವಾಗಿ ಉದ್ದಕ್ಕೆ ಒಂದು ಸಣ್ಣ ಗೀರು ಕೊರೆಸಿಟ್ಟರೆ, ನೀರು ಕಲ್ಲಿನ ಅಡಿಗೆ ಅಂಟಿಕೊಂಡು ಹಿಂದಕ್ಕೆ ಜಾರದೆ ಅಲ್ಲಿಯೇ ಕಳಚಿ ಬೀಳುತ್ತದೆ. ಕಿಟಕಿಯ ಸಜ್ಜೆಯ ಅಡಿಯಲ್ಲಿ ಇಂತಹದೇ ಗೀರು ಬಿಡುವುದು ಕೆಲಸದವರಿಗೆ ಗೊತ್ತಿರುವುದರಿಂದ ಬೇರೆ ವಿವರಣೆ ಬೇಕಾಗುವುದಿಲ್ಲ.

ಪಂಪಿನ ಪೆಟ್ಟಿಗೆಯ ಮೇಲಿನ ಎರಡು ಅಂಕೆಗಳು

ಈ ವಿಷಯದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ತೊಡಕಿಕೊಂಡಿದ್ದ ಭಾಗ ಇದಾದ್ದರಿಂದ ಇದನ್ನು ಬಿಡಿಸಿ ಬರೆಯುತ್ತೇನೆ.

ನೀರಿನಲ್ಲಿ ಮುಳುಗಿಸಿಡುವ ಸಣ್ಣ ಪಂಪಿನ ಪೆಟ್ಟಿಗೆಯ ಮೇಲೆ ಗರಿಷ್ಠ ಹರಿವು ಗಂಟೆಗೆ 4,500 ಲೀಟರ್, ಗರಿಷ್ಠ ಎತ್ತರ 3 ಮೀಟರ್ ಎಂದು ಬರೆದಿದೆ ಎಂದುಕೊಳ್ಳೋಣ. ಇದನ್ನು ಓದಿದವರಿಗೆ ಈ ಪಂಪ್ 3 ಮೀಟರ್ ಎತ್ತರಕ್ಕೆ 4,500 ಲೀಟರ್ ಕೊಡುತ್ತದೆ ಎಂದು ಅನಿಸುವುದು ಸಹಜ. ಆದರೆ ಈ ಎರಡು ಅಂಕೆಗಳು ಯಾವತ್ತೂ ಒಟ್ಟಿಗೆ ದೊರೆಯುವುದಿಲ್ಲ. ಎತ್ತಬೇಕಾದ ಎತ್ತರ ಶೂನ್ಯವಾಗಿದ್ದಾಗ ಮಾತ್ರ 4,500 ಲೀಟರ್ ಬರುತ್ತದೆ. ಎತ್ತರ 3 ಮೀಟರ್ ಆದಾಗ ನೀರು ಪೈಪಿನ ಬಾಯಿಯ ತನಕ ಬಂದು ಹಾಗೆಯೇ ನಿಲ್ಲುತ್ತದೆ, ಒಂದು ಹನಿಯೂ ಹೊರಗೆ ಬೀಳುವುದಿಲ್ಲ. ನಮಗೆ ಬೇಕಾದದ್ದು ಈ ಎರಡು ತುದಿಗಳ ನಡುವಿನ ಒಂದು ಬಿಂದು. ಕೆಲವು ಪಂಪುಗಳ ಜೊತೆಗೆ ಹರಿವು ಮತ್ತು ಎತ್ತರಗಳ ನಕ್ಷೆಯನ್ನು ಕೊಟ್ಟಿರುತ್ತಾರೆ, ಅದಿದ್ದರೆ ಅದನ್ನೇ ನೋಡಬೇಕು. ಇಲ್ಲದಿದ್ದರೆ ಎರಡು ತುದಿಗಳನ್ನು ನೇರ ಗೆರೆಯಿಂದ ಸೇರಿಸಿ ಓದಿದರೆ ಸಾಕು: ಅರ್ಧ ಎತ್ತರಕ್ಕೆ ಅರ್ಧ ಹರಿವು. ನಿಜವಾದ ನಕ್ಷೆ ಸಾಮಾನ್ಯವಾಗಿ ಈ ನೇರ ಗೆರೆಗಿಂತ ಸ್ವಲ್ಪ ಮೇಲಕ್ಕೆ ಉಬ್ಬಿರುವುದರಿಂದ, ನೇರ ಗೆರೆಯ ಲೆಕ್ಕ ಹಿಡಿದವರಿಗೆ ನೀರು ಸಾಲದೆ ಹೋಗುವ ಸಂಭವ ಕಡಿಮೆ. ಹೆಚ್ಚಾದರೆ ಪಂಪಿನಿಂದ ಹೊರಗೆ ಹೋಗುವ ಪೈಪಿನಲ್ಲಿ ಒಂದು ವಾಲ್ವ್ ಇಟ್ಟು ತಗ್ಗಿಸಿಕೊಳ್ಳಬಹುದು. ನೀರು ಹೀರುವ ಕಡೆಯನ್ನು ಮಾತ್ರ ಎಂದಿಗೂ ಬಿಗಿಯಬಾರದು.

ಇನ್ನು ಎತ್ತರವನ್ನು ಎಲ್ಲಿಂದ ಅಳೆಯಬೇಕು ಎಂಬ ಪ್ರಶ್ನೆ. ಕೆಳಗಿನ ಕೊಳ ಎರಡಡಿ ಆಳವಿದ್ದು, ಪಂಪ್ ಅದರ ತಳದಲ್ಲಿದ್ದರೆ, ಆ ಎರಡಡಿಯನ್ನೂ ಸೇರಿಸಬೇಕೆಂದು ನನಗೆ ಬಹಳ ಕಾಲ ತೋರುತ್ತಿತ್ತು, ಏಕೆಂದರೆ ನೀರು ತಳದಿಂದಲೇ ಮೇಲೇರಬೇಕಲ್ಲವೇ? ಸೇರಿಸಬೇಕಾಗಿಲ್ಲ. ಪಂಪಿಗೆ ಪೈಪನ್ನು ಜೋಡಿಸಿ ಸ್ವಿಚ್ ಹಾಕದೆ ನೀರಿನಲ್ಲಿ ಮುಳುಗಿಸಿದರೂ ಕೊಳದ ಮಟ್ಟಕ್ಕೆ ಸಮನಾಗಿ ಪೈಪಿನೊಳಗೆ ನೀರು ತಾನಾಗಿಯೇ ಏರಿ ನಿಲ್ಲುತ್ತದೆ. ಅಷ್ಟನ್ನು ಸುತ್ತಲಿನ ನೀರಿನ ಒತ್ತಡವೇ ಎತ್ತಿಕೊಟ್ಟಿರುತ್ತದೆ. ಪಂಪಿನ ಕೆಲಸ ಆರಂಭವಾಗುವುದು ಅಲ್ಲಿಂದ ಮೇಲಕ್ಕೆ. ಬಾವಿಗೆ ಇಳಿಸಿದ ಪಂಪನ್ನು ಇನ್ನೂ ಒಂದು ಕೋಲು ಆಳಕ್ಕೆ ಇಳಿಸಿದರೂ, ನೀರಿನ ಮಟ್ಟ ಅಷ್ಟೇ ಇದ್ದರೆ ತೋಟಕ್ಕೆ ಬರುವ ನೀರು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಏಪ್ರಿಲ್ ತಿಂಗಳಲ್ಲಿ ಮಟ್ಟವೇ ಇಳಿದಾಗ ಬರುವ ನೀರು ಕಡಿಮೆಯಾಗುತ್ತದೆ. ಅಡಿಕೆ ತೋಟವಿರುವ ಮನೆಯವರಿಗೆ ಇದು ಅನುಭವದಿಂದ ತಿಳಿದದ್ದೇ; ಆ ತಿಳಿವಳಿಕೆಯನ್ನು ಅಂಗಳದ ಕೊಳಕ್ಕೆ ಅನ್ವಯಿಸಲು ನನಗೆ ಹೊತ್ತು ಹಿಡಿಯಿತು. ಹೀಗಾಗಿ ಅಳತೆ ಕೆಳಗಿನ ಕೊಳದ ನೀರಿನ ಮೇಲ್ಮೈಯಿಂದ, ಮೇಲೆ ಪೈಪು ನೀರನ್ನು ಬಿಡುವ ಮಟ್ಟದವರೆಗೆ. ಕೆಳಗೆ ಬೀಳುವ ನೀರಿನ ಭಾರ ಪಂಪಿಗೆ ಸಹಾಯ ಮಾಡುತ್ತದೆ ಎಂಬ ಇನ್ನೊಂದು ಊಹೆಯೂ ಸರಿಯಲ್ಲ. ಮೇಲಿನ ತೊಟ್ಟಿ ಗಾಳಿಗೆ ತೆರೆದಿರುವುದರಿಂದ ನೀರಿನ ನಂಟು ಅಲ್ಲಿಗೆ ಕಡಿದುಹೋಗುತ್ತದೆ, ಬಿದ್ದ ನೀರಿನ ಬಲ ಸದ್ದು ಮತ್ತು ಸಿಡಿತಗಳಲ್ಲಿ ಮುಗಿಯುತ್ತದೆ.

ಈ ಎತ್ತರಕ್ಕೆ ಪೈಪಿನ ಘರ್ಷಣೆಯನ್ನು ಸೇರಿಸಬೇಕು. ಇಲ್ಲಿ ಬರುವ ಅಂಕೆಗಳು ನಿಜಕ್ಕೂ ಬೆರಗು ಹುಟ್ಟಿಸುತ್ತವೆ. ಒಂದೇ ಹರಿವಿಗೆ ಘರ್ಷಣೆಯ ನಷ್ಟವು ಒಳವ್ಯಾಸದ ಐದನೆಯ ಘಾತಕ್ಕೆ ವಿಲೋಮವಾಗಿರುತ್ತದೆ, ಅಂದರೆ ವ್ಯಾಸ ಇಮ್ಮಡಿಯಾದರೆ ನಷ್ಟ 32ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಮ್ಮ 4,500 ಲೀಟರ್ ನೀರು 4 ಮೀಟರ್ ಉದ್ದದ, 40 ಮಿಲಿಮೀಟರ್ ಒಳವ್ಯಾಸದ ಪೈಪಿನಲ್ಲಿ ಮೂರು ತಿರುವುಗಳನ್ನು ದಾಟಿ ಹೋಗುವಾಗ ಒಟ್ಟು ನಷ್ಟ ಸುಮಾರು 0.3 ಮೀಟರ್. ಅದೇ ನೀರನ್ನು 25 ಮಿಲಿಮೀಟರ್ ಒಳವ್ಯಾಸದ ಪೈಪಿಗೆ ತುರುಕಿದರೆ ನಷ್ಟ 2.3 ಮೀಟರನ್ನು ದಾಟುತ್ತದೆ. ನೀರನ್ನು ನಿಜವಾಗಿ ಎತ್ತಬೇಕಾದ ಎತ್ತರ 1.2 ಮೀಟರ್ ಮಾತ್ರ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ: ಮೊದಲ ಪೈಪಿಗೆ ಒಟ್ಟು 1.5 ಮೀಟರ್ ಲೆಕ್ಕವಾದರೆ, ಎರಡನೆಯದಕ್ಕೆ ಮೂರೂವರೆ ಮೀಟರ್ ಆಗುತ್ತದೆ, ಮತ್ತು 3 ಮೀಟರಿನ ಪಂಪ್ ಎಷ್ಟೇ ದೊಡ್ಡದಾಗಿದ್ದರೂ ಆ ಪೈಪಿನಲ್ಲಿ ಅಷ್ಟು ನೀರನ್ನು ಕಳುಹಿಸಲಾರದು. ಪಂಪಿನ ಬಾಯಿ ಸಣ್ಣದಿದೆಯೆಂದು ಪೈಪನ್ನೂ ಸಣ್ಣದು ತರಬಾರದು. ಬಾಯಿಯ ಹತ್ತಿರವೇ ರೆಡ್ಯೂಸರ್ ಹಾಕಿ ದೊಡ್ಡ ಪೈಪಿಗೆ ದಾಟಿಕೊಳ್ಳಬೇಕು. ಅಂಗಡಿಯಲ್ಲಿ ಪಿವಿಸಿ ಪೈಪಿಗೆ ಹೇಳುವ ಮಿಲಿಮೀಟರ್ ಅಳತೆ ಹೊರವ್ಯಾಸದ್ದಾದ್ದರಿಂದ, 40 ಮಿಲಿಮೀಟರ್ ಒಳವ್ಯಾಸ ಬೇಕಾದವರು 50ರ ಪೈಪನ್ನೇ ಕೇಳಬೇಕಾಗುತ್ತದೆ.

ಹಾಗಾದರೆ ಆಯ್ಕೆ ಹೀಗೆ: 1.5 ಮೀಟರ್ ಎತ್ತರದಲ್ಲಿ ಗಂಟೆಗೆ 4,500 ಲೀಟರ್ ಬೇಕು. ಗರಿಷ್ಠ ಎತ್ತರ 3 ಮೀಟರ್ ಇರುವ ಪಂಪನ್ನು ನೋಡುತ್ತಿದ್ದರೆ, ನೇರ ಗೆರೆಯ ಲೆಕ್ಕದಲ್ಲಿ ಅದರ ಗರಿಷ್ಠ ಹರಿವು 9,000 ಲೀಟರ್ ಇರಬೇಕು. ಪಂಪನ್ನು ತಂದ ಮೇಲೆ, ಕಲ್ಲು ಕಟ್ಟಿಸುವ ಮೊದಲು, ಪೈಪನ್ನು ಅದೇ ಎತ್ತರಕ್ಕೆ ಹಿಡಿದು 20 ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕೆಂದು ನೋಡಿ. 16 ಸೆಕೆಂಡ್ ಆದರೆ ಗಂಟೆಗೆ 4,500 ಲೀಟರ್ ಎಂದು ಅರ್ಥ.

ಮನೆಯಲ್ಲಿ ಬಿದ್ದಿರುವ ಹಳೆಯ ಅರ್ಧ ಎಚ್‌ಪಿಯ ಬಾವಿಯ ಪಂಪನ್ನೇ ಹಾಕಿದರಾಗದೇ ಎಂದು ಕೇಳುವವರು ಎಲ್ಲ ಮನೆಗಳಲ್ಲೂ ಇರುತ್ತಾರೆ. ಇಪ್ಪತ್ತು ಮೀಟರಿಗಿಂತ ಮೇಲಕ್ಕೆ ಎತ್ತಲೆಂದು ಮಾಡಿದ ಪಂಪನ್ನು ಒಂದೂವರೆ ಮೀಟರಿಗೆ ಓಡಿಸಿದರೆ ಹರಿವು ಮಿತಿಮೀರಿ, ಮೋಟಾರು ಹೆಚ್ಚು ವಿದ್ಯುತ್ತನ್ನು ಎಳೆದು ಬಿಸಿಯಾಗುತ್ತದೆ. ಬಿಲ್ಲಿನ ಮಾತು ಬೇರೆ. ನಮ್ಮ ಲೆಕ್ಕದ ನೀರನ್ನು ಎತ್ತಲು ಸೈದ್ಧಾಂತಿಕವಾಗಿ ಬೇಕಾದದ್ದು 18 ವ್ಯಾಟ್ ಮಾತ್ರ, ಸಣ್ಣ ಪಂಪುಗಳ ದಕ್ಷತೆ ಕಡಿಮೆಯಾದ್ದರಿಂದ 80 ವ್ಯಾಟ್ ಎಂದು ಹಿಡಿದರೂ ದಿನಕ್ಕೆ 6 ಗಂಟೆಯಂತೆ ತಿಂಗಳಿಗೆ 14 ಯೂನಿಟ್ಟಿನ ಆಸುಪಾಸಿನಲ್ಲಿರುತ್ತದೆ.

ಸುರಂಗದ ನೀರು ಇದ್ದವರಿಗೆ

ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ನೀರು ತಾನಾಗಿಯೇ ಇಳಿದು ಬರುವ ಮನೆಗಳಲ್ಲಿ ಪಂಪಿನ ಪ್ರಸ್ತಾಪವೇ ಬೇಡ. ತೊಟ್ಟಿ ತುಂಬಿ ತೋಟಕ್ಕೆ ಹೋಗುವ ನೀರನ್ನು ದಾರಿಯಲ್ಲಿ ಒಂದು ಕಲ್ಲಿನ ಮೇಲಿಂದ ಹಾಯಿಸಿದರಾಯಿತು. ಆದರೆ ಹರಿವು ಸಣ್ಣದಿರುತ್ತದೆ. ಬಕೆಟ್ ತುಂಬಲು ಎರಡು ನಿಮಿಷ ಬೇಕಾದರೆ ಗಂಟೆಗೆ 600 ಲೀಟರ್ ಮಾತ್ರ, ಅದು 4 ಸೆಂಟಿಮೀಟರ್ ಅಗಲದ ಅಂಚಿಗೆ ಸಾಕಾಗುವಷ್ಟು. ಇಂತಹ ಕಡೆ ಅಗಲವಾದ ಹಾಳೆಯ ಆಸೆಯನ್ನು ಬಿಟ್ಟು, ಕಲ್ಲಿನಲ್ಲಿ ಇಕ್ಕಟ್ಟಾದ ಕಂಡಿ ಕೊರೆಸಿ ಒಂದೇ ಧಾರೆಯಾಗಿ ಬೀಳಿಸುವುದು ಮೇಲು, ನನ್ನ ಕಣ್ಣಿಗೆ ಅದೇ ಹೆಚ್ಚು ಚೆಂದ ಕೂಡ.

ಕೊಳ, ಹೊದಿಕೆ, ಮಳೆ

ಮುರ ಮಣ್ಣಿನಲ್ಲಿ ತೋಡಿದ ಗುಂಡಿಯಲ್ಲಿ ನೀರು ನಿಲ್ಲುವುದಿಲ್ಲವಾದ್ದರಿಂದ ಹೊದಿಕೆ ಅಗತ್ಯ. ನಮ್ಮಲ್ಲಿ ನೀರಿನ ಹೊಂಡಗಳಿಗೆ ಹಾಸುವ ಸಿಲ್ಪಾಲಿನ್ ಎಂಬ ಪ್ಲಾಸ್ಟಿಕ್ ಹಾಳೆ ಕಡಿಮೆ ಖರ್ಚಿನದ್ದು, ಆದರೆ ಬಿಸಿಲಿಗೆ ಬಿದ್ದ ಅಂಚು ಬೇಗ ಹಾಳಾಗುತ್ತದೆ. ಇಪಿಡಿಎಂ ರಬ್ಬರ್ ಹಾಳೆ ದುಬಾರಿಯಾದರೂ ಕಲ್ಲಿನ ಏರುತಗ್ಗುಗಳಿಗೆ ಹೊಂದಿಕೊಳ್ಳುತ್ತದೆ. ಯಾವುದನ್ನು ಹಾಸಿದರೂ ಅಡಿಯಲ್ಲಿ ಮೊನಚಾದ ಕಲ್ಲುಗಳನ್ನು ಹೆಕ್ಕಿ, ಮರಳೋ ಹಳೆಯ ಗೋಣಿಯೋ ಹಾಕಬೇಕು. ಸಿಮೆಂಟಿನ ಕೊಳವಾದರೆ, ಸುಣ್ಣದಂಶ ಬಿಟ್ಟು ನೀರು ಕ್ಷಾರವಾಗುವುದರಿಂದ, ಹಲವು ಸಲ ತುಂಬಿಸಿ ಖಾಲಿ ಮಾಡಿದ ಬಳಿಕವೇ ಮೀನು ಬಿಡಬೇಕು.

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಹೋಗುವ ಜಿಲ್ಲೆಯಲ್ಲಿ ಹೆಚ್ಚುವರಿ ನೀರು ಹೊರಹೋಗುವ ಪೈಪನ್ನು ಮರೆಯುವಂತಿಲ್ಲ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಬರೆಯಿಂದ ಒಸರು ಹೊರಟು ಹೊದಿಕೆಯ ಅಡಿಗೆ ಸೇರಿದರೆ, ಅದು ಹೊದಿಕೆಯನ್ನೇ ಗುಳ್ಳೆಯಂತೆ ಮೇಲಕ್ಕೆ ಎತ್ತುತ್ತದೆ. ಆದ್ದರಿಂದ ಅಡಿಯಲ್ಲಿ ಜಲ್ಲಿಯ ಪದರ ಹಾಕಿ ತಗ್ಗಿನ ಕಡೆಗೆ ದಾರಿ ಮಾಡಿಕೊಡಬೇಕು. ಮೇಲಿನ ತೊಟ್ಟಿಯನ್ನು ಬರೆಯ ತಲೆಯ ಮೇಲೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಸೋರಿದ ನೀರು ಮಣ್ಣಿಗೆ ಇಳಿದರೆ ಮಳೆಗಾಲದಲ್ಲಿ ಬರೆ ಜರಿಯಲು ಅದೇ ಕಾರಣವಾದೀತು. ಬರೆಯಿಂದ ಬಿಡಿಸಿ, ಮುಂಭಾಗದಲ್ಲಿ ಪ್ರತ್ಯೇಕ ಅಡಿಪಾಯದ ಮೇಲೆ ಕಟ್ಟುವುದೇ ಕ್ಷೇಮ.

ಕರೆಂಟು ಹೋದಾಗ ಮೇಲಿನ ತೊಟ್ಟಿಯಲ್ಲಿ ಅಂಚಿಗಿಂತ ಎತ್ತರದಲ್ಲಿರುವ ನೀರೂ ಪೈಪಿನಲ್ಲಿರುವ ನೀರೂ ಕೆಳಗಿಳಿಯುತ್ತವೆ. ಅದಕ್ಕೆ ಬೇಕಾದಷ್ಟು ಜಾಗವನ್ನು ಕೊಳದ ಮೇಲ್ಭಾಗದಲ್ಲಿ ಬಿಟ್ಟಿರಬೇಕು. ಬೇಸಗೆಯಲ್ಲಿ ನೀರು ಕಡಿಮೆಯಾಗುತ್ತಿದ್ದರೆ ಮೊದಲು ಆವಿಯ ಲೆಕ್ಕ ಹಾಕಿ: ದಿನಕ್ಕೆ ಸುಮಾರು 5 ಮಿಲಿಮೀಟರ್, ಅಂದರೆ 3 ಚದರ ಮೀಟರಿನ ಕೊಳಕ್ಕೆ 15 ಲೀಟರ್. ಅದಕ್ಕಿಂತ ಬಹಳ ಹೆಚ್ಚು ಇಳಿದರೆ ಪಂಪ್ ನಿಲ್ಲಿಸಿ ಮಟ್ಟಕ್ಕೆ ಗುರುತು ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆಯೂ ಇಳಿದಿದ್ದರೆ ಕೊಳವೇ ಸೋರುತ್ತಿದೆ. ಇಳಿಯದಿದ್ದರೆ ಸೋರಿಕೆ ಮೇಲಿನ ತೊಟ್ಟಿಯಲ್ಲಿದೆ, ಇಲ್ಲವೇ ನೀರು ಅಂಚಿನಿಂದ ಹೊರಗೆ ಸಿಡಿಯುತ್ತಿದೆ.

ಮಕ್ಕಳು, ಸೊಳ್ಳೆ, ವಿದ್ಯುತ್

ಅಂಬೆಗಾಲಿಡುವ ಮಕ್ಕಳಿರುವ ಮನೆಗೆ ತೆರೆದ ಕೊಳ ಬೇಡ. ನೆಲದಡಿಯ ಗುಂಡಿಗೆ ಉರುಟು ಕಲ್ಲು ತುಂಬಿಸಿ, ನೀರು ಕಲ್ಲುಗಳ ನಡುವೆ ಇಂಗಿ ಮರೆಯಾಗುವಂತೆ ಮಾಡಬಹುದು; ಕಲ್ಲುಗಳ ಸಂದಿಯಲ್ಲಿ ಉಳಿಯುವ ಜಾಗ ಸುಮಾರು 40 ಶೇಕಡಾ ಆದ್ದರಿಂದ ಒಂದು ಘನ ಮೀಟರ್ ಗುಂಡಿಯಲ್ಲಿ 400 ಲೀಟರ್ ಹಿಡಿಯುತ್ತದೆ. ತೆರೆದ ಕೊಳವಾದರೆ ಗಪ್ಪಿ ಮೀನು ಬಿಡಲೇಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ನಿಂತ ನೀರಿನಲ್ಲಿ ಒಂದು ವಾರದಿಂದ ಹತ್ತು ದಿನಗಳೊಳಗೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರುತ್ತದೆ, ಅದರ ಮೊಟ್ಟೆ ಒಣಗಿದ ಕಲ್ಲಿನ ಮೇಲೂ ತಿಂಗಳುಗಟ್ಟಲೆ ಬದುಕಿರುತ್ತದೆ. ಹೀಗಾಗಿ ಊರಿಗೆ ಹೋಗುವಾಗ ಪಂಪನ್ನು ನಿಲ್ಲಿಸಿ ಹೋಗುವವರು ಮೇಲಿನ ತೊಟ್ಟಿಯ ನೀರನ್ನು ಪೂರ್ತಿ ಬಸಿದು ಹೋಗಬೇಕು, ಅಲ್ಲಿ ಮೀನುಗಳಿರುವುದಿಲ್ಲ.

ಪಂಪಿನ ಸಂಪರ್ಕಕ್ಕೆ, ವಿದ್ಯುತ್ ಸೋರಿದರೆ ತಕ್ಷಣ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ತ್ ಇಲ್ಲದೆ ನೀರಿಗೆ ವಯರು ಇಳಿಸಬಾರದು. ನೀರಿನೊಳಗೆ ವಯರಿಗೆ ಜೋಡಣೆ ಇರಕೂಡದು, ಪ್ಲಗ್ ಮಳೆಗೆ ನೆನೆಯದ ಎತ್ತರದಲ್ಲಿರಬೇಕು, ಮತ್ತು ಜಾಲರಿಗೆ ಸಿಕ್ಕಿದ ಹಲಸಿನ ಎಲೆಯನ್ನು ತೆಗೆಯಲು ಕೈ ಹಾಕುವ ಮೊದಲು ಪ್ರತಿ ಸಲವೂ ಪ್ಲಗ್ಗನ್ನು ಕಿತ್ತಿಡಬೇಕು.