ಗದ್ದೆ ಮಾರುವ ಲೆಕ್ಕದಲ್ಲಿ ಸಿಟ್ಟಿನ ಪಾಲೆಷ್ಟು?

ಮಂಡ್ಯದಲ್ಲಿ ಆಪ್ತಸಮಾಲೋಚನೆಗೆ ಕೂತ ಮೇಲೆ ಜಮೀನಿನ ಜಗಳ ಕೇಳದೆ ವಿಧಿಯಿಲ್ಲ. ಹೆದ್ದಾರಿ ಬದಿಯ ಬೆಲೆ ಏರಿದ ಮೇಲಂತೂ ಮನೆಮನೆಯಲ್ಲೂ ಅದೇ ಮಾತು.

ಈಚೆಗೆ ಅಣ್ಣ-ತಮ್ಮ ಇಬ್ಬರು ಬಂದಿದ್ದರು (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ). ತಮ್ಮನ ಕೈಯಲ್ಲಿ ನೋಟ್‌ಬುಕ್. ಕಬ್ಬಿನ ಇಳುವರಿ, ಕಟಾವು ಕೂಲಿ, ಮಾರಿದರೆ ಬ್ಯಾಂಕಿನಲ್ಲಿ ಬರುವ ಬಡ್ಡಿ, ಎಲ್ಲ ಸಾಲಾಗಿ ಬರೆದಿತ್ತು. "ನಾನು ಲೆಕ್ಕ ಮಾತಾಡ್ತೀನಿ ಮೇಡಂ, ಅಣ್ಣಂದು ಬರೀ ಸೆಂಟಿಮೆಂಟು." ಅಣ್ಣನದು ಒಂದೇ ಮಾತು: "ಅಪ್ಪ ಸಂಪಾದ್ಸಿದ ಗದ್ದೆ, ಮಾರಾಕಿಲ್ಲ ಕಣವ್ವ."

ಬೇರೆಬೇರೆ ಕೂರಿಸಿ ಮಾತಾಡಿಸಿದೆ. ತಮ್ಮನ ನೋಟ್‌ಬುಕ್ ಹುಟ್ಟಿದ್ದು ಒಂದು ಮದುವೆಮನೆಯಲ್ಲಿ, ಷಡ್ಡಕ ಎಲ್ಲರೆದುರು "ಇನ್ನೂ ಅದೇ ಬೈಕಾ?" ಎಂದು ನಕ್ಕ ಮೇಲೆ. ಅಣ್ಣನ ಸೆಂಟಿಮೆಂಟಿನೊಳಗೆ ಗಟ್ಟಿ ಲೆಕ್ಕವೇ ಇತ್ತು. ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಸೊಸೈಟಿಯಲ್ಲಿ ಬೆಳೆಸಾಲ ಹುಟ್ಟುವುದಿಲ್ಲ. ಮಗಳನ್ನು ಕೇಳಿಕೊಂಡು ಬರುವವರು ಗದ್ದೆ ಎಷ್ಟಿದೆ ಎಂದು ವಿಚಾರಿಸಿಯೇ ಕಾಫಿ ಕುಡಿಯುತ್ತಾರೆ. ಇದನ್ನು ಅಂಕಿಯಲ್ಲಿ ಹೇಳಲು ಅವರಿಗೆ ಬರುತ್ತಿರಲಿಲ್ಲ, ಅಷ್ಟೆ.

ಭಾವನೆಯನ್ನು ಕಳೆದುಬಿಟ್ಟರೆ ನಿರ್ಧಾರ ಚೊಕ್ಕವಾಗುತ್ತದೆ ಎಂಬ ನಂಬಿಕೆಗೆ ನರವಿಜ್ಞಾನ ಸೊಪ್ಪು ಹಾಕುವುದಿಲ್ಲ. ಹಣೆಯ ಹಿಂದೆ, ಮಿದುಳಿನ ಕೆಳಮಧ್ಯ ಭಾಗಕ್ಕೆ ಹಾನಿಯಾದ ರೋಗಿಗಳನ್ನು ಅಮೆರಿಕದ ಅಯೋವಾದಲ್ಲಿ ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ ಪರೀಕ್ಷಿಸಿದ್ದರು. ಬುದ್ಧಿ, ನೆನಪು, ಮಾತು ಎಲ್ಲ ಸರಿಯಿತ್ತು, ಭಾವನೆ ಮಾತ್ರ ಮಂಕು. ಅಂಥ ಒಬ್ಬರಿಗೆ ಮುಂದಿನ ಭೇಟಿಗೆ ಎರಡು ದಿನಾಂಕ ಕೊಟ್ಟರೆ, ಡೈರಿ ಬಿಚ್ಚಿಕೊಂಡು ಹೆಚ್ಚುಕಡಿಮೆ ಅರ್ಧ ಗಂಟೆ ಎರಡರ ಗುಣದೋಷ ಎಣಿಸುತ್ತಲೇ ಇದ್ದರಂತೆ. ಯಾವುದೂ ಮುಖ್ಯ ಅನಿಸದವರಿಗೆ ತರ್ಕ ಎಲ್ಲಿ ನಿಲ್ಲಿಸಬೇಕೆಂದೇ ತಿಳಿಯದು.

ಹಾಗೆಂದು ಮನಸ್ಸು ಹೇಳಿದ್ದೆಲ್ಲ ಸರಿಯಲ್ಲ. ಎರಡು ಬೋರ್ ಫೇಲಾದವರು ಮೂರನೆಯದಕ್ಕೆ ಸಾಲ ತೆಗೆಯುವಾಗ "ಇಷ್ಟು ಹಾಕಿದ್ದೀವಲ್ಲ" ಎನ್ನುತ್ತಾರೆ. ಹಾಕಿದ ದುಡ್ಡಿಗೂ ನೆಲದಡಿಯ ನೀರಿಗೂ ಏನು ಸಂಬಂಧ? ಗಳಿಸಿದ ಖುಷಿಗಿಂತ ಅಷ್ಟೇ ಮೊತ್ತ ಕಳೆದುಕೊಂಡ ನೋವು ಹೆಚ್ಚು ಚುಚ್ಚುತ್ತದೆ ಎಂದು ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್, ಏಮೋಸ್ ಟ್ವರ್ಸ್ಕಿ 1979ರಲ್ಲೇ ಬರೆದಿದ್ದರು. ಕಾನೆಮನ್‌ಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಹಾಗಾಗಿ ನನ್ನ ಪ್ರಶ್ನೆ ಒಂದೇ: ಈ ಭಾವನೆ ಈ ವಿಷಯಕ್ಕೇ ಸೇರಿದ್ದಾ, ಬೇರೆ ಕಡೆಯಿಂದ ಹರಿದು ಬಂದಿದ್ದಾ? ತಮ್ಮನಿಗೆ ಕೇಳಿದೆ: "ಆ ಷಡ್ಡಕ ಇಲ್ಲವೇ ಇಲ್ಲ ಅಂದ್ಕೊಳ್ಳಿ. ಆಗಲೂ ಮಾರ್ತೀರಾ?" ಯೋಚಿಸಿ ಹೇಳಿದರು: "ಸಾಲ ತೀರೋಷ್ಟು." ಅಲ್ಲಿಂದ ಮಾತು ಎಷ್ಟು ಗುಂಟೆ ಎಂಬುದಕ್ಕೆ ಬಂತು. ಅಣ್ಣನೂ ಲೆಕ್ಕಕ್ಕೆ ಕೂತರು.

ಇದೆಲ್ಲ ನಮಗಿಂತ ಚೆನ್ನಾಗಿ ಗೊತ್ತಿರುವುದು ದಲ್ಲಾಳಿಗಳಿಗೆ. "ನಾಳೆ ಬೇರೆ ಪಾರ್ಟಿ ಬರ್ತದೆ, ಇವತ್ತೇ ಅಡ್ವಾನ್ಸ್ ಇಸ್ಕೊಳ್ಳಿ" ಎನ್ನುವುದು ಈ ಪ್ರಶ್ನೆ ಕೇಳಿಕೊಳ್ಳಲು ಪುರುಸೊತ್ತು ಸಿಗದಿರಲಿ ಎಂದೇ. ಒಂದು ವಾರ ಬಿಟ್ಟು ಬನ್ನಿ ಎಂದರೆ ನಿಜವಾಗಿ ಕೊಳ್ಳುವವರು ಸಾಮಾನ್ಯವಾಗಿ ಬರುತ್ತಾರೆ.

ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಯಾವುದೂ ಬೇಡ ಎನ್ನುವವರಿಗೆ ಈ ಪ್ರಶ್ನೆ ಉಪಯೋಗಕ್ಕೆ ಬಾರದು. ಖಿನ್ನತೆಯಲ್ಲಿ ಎಲ್ಲ ದಾರಿಯೂ ಮುಚ್ಚಿದಂತೆಯೇ ಕಾಣುತ್ತದೆ. ಅವರು ಕರಾರು ಪತ್ರವನ್ನು ಪಕ್ಕಕ್ಕಿಟ್ಟು ಮೊದಲು ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.