ಸೂಚಕರಾಗಿ ಸಹಿ ಹಾಕುವ ಮೊದಲು

ಹೋದ ಸಲದ ಚುನಾವಣೆ ಹೊತ್ತಿಗೆ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ನನ್ನ ಕಚೇರಿಗೆ ಬಂದರು. ಬಗರ್ ಹುಕುಂ, ಅಂದರೆ ಅನುಮತಿಯಿಲ್ಲದೆ ಉಳುತ್ತಿರುವ ಸರ್ಕಾರಿ ಭೂಮಿಯ ಸಕ್ರಮದ ಕೇಸಿನ ಹಳೇ ಕಕ್ಷಿದಾರರು. ಫೈಲ್ ಎಲ್ಲಿಗೆ ಬಂತು ಅಂತ ಕೇಳುತ್ತಾರೆ ಅಂದುಕೊಂಡೆ. "ವಕೀಲ್ರೇ, ನಮ್ಮ ಕಡೆಯವರೊಬ್ಬರು ಪಕ್ಷೇತರ ನಿಲ್ತಿದಾರೆ. ಅವರ ನಾಮಪತ್ರಕ್ಕೆ ನಾನು ಸೂಚಕ ಅಂತ ಸಹಿ ಹಾಕಿದ್ರೆ ತೊಂದ್ರೆ ಇಲ್ವಲ್ಲ?" ಅಂದರು.

ಅಭ್ಯರ್ಥಿ ಯಾವ ಪಕ್ಷದ ಮೆಟ್ಟಿಲೂ ಹತ್ತಿದವರಲ್ಲ. ಊರ ದೇವಸ್ಥಾನ ಊರವರ ಕೈಲೇ ಇರಲಿ, ಕಚೇರಿಗಳ ಕಾಟ ತಪ್ಪಲಿ, ಸರ್ಕಾರ ತನ್ನ ಕೆಲಸವನ್ನಷ್ಟೇ ನೋಡಿಕೊಳ್ಳಲಿ ಅನ್ನುವವರು.

ಸಹಿ ಹಾಕಲು ಏನೂ ತೊಂದರೆ ಇಲ್ಲ. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ ಸಾಕು. ಪಕ್ಷೇತರರಿಗೆ ಅದೇ ಕ್ಷೇತ್ರದ 10 ಮತದಾರರು ಬೇಕು. ಮತದಾರರ ಪಟ್ಟಿಯ ಕ್ರಮಸಂಖ್ಯೆಯನ್ನು ಎರಡು ಸಲ ನೋಡಿ ಬರೆಯಿರಿ. ವಿಧಾನಸಭೆಗೆ ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ ಅದರ ಅರ್ಧ. ಸೋತವರಿಗೆ ಸಿಂಧು ಮತಗಳ ಆರನೇ ಒಂದು ಭಾಗವೂ ಬರದಿದ್ದರೆ ಆ ದುಡ್ಡು ಹೋಯಿತು.

ಇಂಥ ಅಭ್ಯರ್ಥಿಗಳ ಮೇಲೆ ನನಗೂ ಒಲವಿದೆ, ಮುಚ್ಚಿಡುವುದೇನಿಲ್ಲ. ತಾವೇ ನೆಟ್ಟ ಸಾಗುವಾನಿ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿಗೆ ಅಲೆದವರ ಎಷ್ಟೋ ಅರ್ಜಿ ಬರೆದಿದ್ದೇನೆ. ರಾಜಾಜಿ 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದ್ದು ಇಂಥ ಪರ್ಮಿಟ್ ಕಾಟದ ವಿರುದ್ಧವೇ. 1967ರಲ್ಲಿ ಲೋಕಸಭೆಯ 44 ಸೀಟು ಗೆದ್ದಿತ್ತು. 1974ರಲ್ಲಿ ಬೇರೆ ಪಕ್ಷದೊಳಗೆ ಕರಗಿಹೋಯಿತು.

ಆದರೂ ಸಹಿಗೆ ಮುಂಚೆ ಅಭ್ಯರ್ಥಿಯನ್ನು ಒಂದು ಮಾತು ಕೇಳಿ ಅಂದೆ. ಕಡಿಮೆ ಆಗಬೇಕಾದ್ದು ಯಾವ ಸರ್ಕಾರ? ಸಾಗುವಾನಿ ವಿಷಯದಲ್ಲಿ ನಮಗೆ ಸರ್ಕಾರ ಬೇಡ. ಆದರೆ ಹೊರದೇಶದ ಅಡಿಕೆ ಬಂದಿಳಿದರೆ ಅದೇ ಸರ್ಕಾರ ಬಂದರಿನಲ್ಲಿ ನಿಂತು ತಡೆಯಬೇಕು. 2023ರಲ್ಲಿ ಕನಿಷ್ಠ ಆಮದು ಬೆಲೆ ಕಿಲೋಗೆ 251ರಿಂದ 351 ರೂಪಾಯಿಗೆ ಏರಿದಾಗ ಮಲೆನಾಡಿನಲ್ಲಿ ಯಾರಾದರೂ ಬೇಡ ಅಂದರಾ? ನಾನೂ ಅನ್ನಲಿಲ್ಲ. ನನಗೂ ಒಂದೆಕರೆ ತೋಟ ಇದೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಬಗರ್ ಹುಕುಂ ಸಮಿತಿಗೆ ಸಾಮಾನ್ಯವಾಗಿ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಸಾಗುವಳಿ ಚೀಟಿಗೆ, ಅಂದರೆ ಭೂಮಿ ಮಂಜೂರಾದ ಪತ್ರಕ್ಕೆ, ಜನ ಕಾಯುವುದು ಶಾಸಕರ ಮನೆ ಜಗುಲಿಯಲ್ಲಿ. ಸರ್ಕಾರ ಕಡಿಮೆ ಇರಲಿ ಅನ್ನುವವರು ಗೆದ್ದ ಮರುದಿನವೇ ಸರ್ಕಾರದ ಭೂಮಿ ಹಂಚುವ ಕುರ್ಚಿಯಲ್ಲಿ ಕೂರುತ್ತಾರೆ. ಆ ಸಮಿತಿ ಸಭೆ ಯಾವಾಗ, ಯಾರ ಅರ್ಜಿ ಯಾವ ಕ್ರಮದಲ್ಲಿ ಅನ್ನುವುದನ್ನು ಪಂಚಾಯಿತಿ ಬೋರ್ಡಿಗೆ ಹಚ್ಚುತ್ತೇನೆ ಅಂತ ಅವರು ಬರೆದುಕೊಡಲಿ. ಉಳಿದ ಭಾಷಣ ಬೇಡ.

ಗೆದ್ದ ಮೇಲೆ ಅಭ್ಯರ್ಥಿ ಪಕ್ಷ ಸೇರಿಬಿಟ್ಟರೆ ಅಂತ ನಮ್ಮ ಬೆಳೆಗಾರರಿಗೊಂದು ಅನುಮಾನ. 1985ರ ಪಕ್ಷಾಂತರ ನಿಷೇಧ ಕಾನೂನಿನಲ್ಲಿ ಅದಕ್ಕೆ ಉತ್ತರ ಇದೆ. ಪಕ್ಷೇತರರಾಗಿ ಗೆದ್ದವರು ಆಮೇಲೆ ಯಾವ ಪಕ್ಷ ಸೇರಿದರೂ ಸದಸ್ಯತ್ವ ಹೋಗುತ್ತದೆ. ಸೇರದೆ ಹೊರಗಿಂದ ಬೆಂಬಲ ಕೊಡುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಹೀಗೇ ಮತ ಹಾಕಿ ಅನ್ನುವ ಪಕ್ಷದ ಆಜ್ಞೆಯ, ಅಂದರೆ ವಿಪ್ ಕಾಟವೂ ಇಲ್ಲ.

ಕಾಫಿ ಮುಗಿಸಿ ಎದ್ದರು. ಬಾಗಿಲ ಹತ್ತಿರ ನಿಂತು, "ಎಲ್ಲಾ ಸರಿ ವಕೀಲ್ರೇ. ಅವ್ರು ಗೆದ್ರೆ ನನ್ನ ಫೈಲ್ ಸ್ವಲ್ಪ ಮೇಲೆ ಬರುತ್ತಲ್ವಾ?" ಅಂದರು.