ಕೊನೆಗೆ ಬರುವ ಮೊದಲ ಪರೀಕ್ಷೆ

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ನಾಗರಕಲ್ಲುಗಳು ಸಾವಿರಾರು. ಸಾಲುಗಟ್ಟಿ, ಒಂದಕ್ಕೊಂದು ಒತ್ತಿಕೊಂಡು ನಿಂತಿರುವ ಈ ಕಲ್ಲುಗಳಲ್ಲಿ ಬಹಳಷ್ಟರ ಹಿಂದೆ ಇರುವುದು ಒಂದೇ ಹರಕೆ: ಮಡಿಲು ತುಂಬಲಿ. ಊರಿಗೆ ಹೆಸರು ಕೊಟ್ಟ ಹಳೆಯ ಅಶ್ವತ್ಥ ಮರ 2001ರಲ್ಲಿ ಉರುಳಿತು, ನಾಗಪ್ರತಿಷ್ಠೆ ಮಾತ್ರ ನಿಲ್ಲಲಿಲ್ಲ. ಈ ಪೂಜೆಗೆ ಗಂಡ ಹೆಂಡತಿ ಜೋಡಿಯಾಗಿ ಕೂರುವುದು ಸಂಪ್ರದಾಯ. ಆಸ್ಪತ್ರೆಗೆ ಹೋಗುವಾಗ ಮಾತ್ರ ಆ ಜೋಡಿ ಒಡೆಯುತ್ತದೆ. ಹೆಂಡತಿ ಹೋಗುತ್ತಾಳೆ, ಜೊತೆಗೆ ತಾಯಿಯೋ ಅತ್ತೆಯೋ ಇರುತ್ತಾರೆ. ಗಂಡನಿಗೆ ಕೆಲಸ ಇರುತ್ತದೆ.

ನಮ್ಮ ಮಾತೂ ಹಾಗೇ ಇದೆ. 'ಬಂಜೆ' ಎಂಬ ಪದ ಹೆಣ್ಣಿಗೆ ಮಾತ್ರ. ಗಂಡಸಿಗೆ ಇರುವ ಬೈಗುಳದ ಪದ ಲೈಂಗಿಕ ಶಕ್ತಿಗೆ ಸಂಬಂಧಿಸಿದ್ದು, ವೀರ್ಯಾಣುವಿಗೆ ಅಲ್ಲ. ದಾಂಪತ್ಯದಲ್ಲಿ ಯಾವ ತೊಂದರೆಯೂ ಇಲ್ಲದ ಗಂಡಸಿನ ವೀರ್ಯದಲ್ಲಿ ಒಂದೇ ಒಂದು ವೀರ್ಯಾಣು ಇಲ್ಲದಿರುವುದು ಸಾಧ್ಯ ಎಂದರೆ ಇಂದಿಗೂ ನಂಬದವರಿದ್ದಾರೆ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಇಡೀ ತಪಾಸಣೆಯಲ್ಲಿ ಅತಿ ಅಗ್ಗದ್ದು, ನೋವಿಲ್ಲದ್ದು ವೀರ್ಯ ಪರೀಕ್ಷೆ. ಅದೇ ಕೊನೆಗೆ ಬರುತ್ತದೆ, ಹಲವರಿಗೆ ಹೆಂಡತಿಯ ಎರಡು ಮೂರು ವರ್ಷದ ಔಷಧಿ ಮುಗಿದ ಮೇಲೆ.

ವೀರ್ಯಾಣುವನ್ನು ಸೂಕ್ಷ್ಮದರ್ಶಕದಲ್ಲಿ ಮೊದಲು ಕಂಡವನು ಹಾಲೆಂಡಿನ ಲೇವನ್‌ಹುಕ್, 1677ರಲ್ಲಿ. ಆದರೆ ಎಲ್ಲ ಲ್ಯಾಬುಗಳೂ ಒಂದೇ ರೀತಿ ಎಣಿಸಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಕೈಪಿಡಿ ತಂದದ್ದು 1980ರಲ್ಲಿ. 2021ರ ಆರನೇ ಆವೃತ್ತಿಯ ಪ್ರಕಾರ ಕೆಳಮಿತಿಗಳು ಹೀಗಿವೆ: ಪ್ರಮಾಣ 1.4 ಮಿಲಿ, ಒಂದು ಮಿಲಿಗೆ 1.6 ಕೋಟಿ ವೀರ್ಯಾಣು, ಚಲಿಸುವಂಥವು ಶೇ 42, ಮುಂದಕ್ಕೆ ಸಾಗುವಂಥವು ಶೇ 30, ಸರಿಯಾದ ಆಕಾರದವು ಶೇ 4. ಹಳೆಯ ಆವೃತ್ತಿಗಳಲ್ಲಿ ಮಿಲಿಗೆ 2 ಕೋಟಿ ಎಂದಿತ್ತು. ಹಳೇ ನಮೂನೆಯ ಹಾಳೆಯಲ್ಲೇ ರಿಪೋರ್ಟ್ ಕೊಡುವ ಲ್ಯಾಬಿನಲ್ಲಿ 1.8 ಕೋಟಿ ಬಂದವನು 'ಕಡಿಮೆ' ಎನಿಸಿಕೊಂಡು ಪುಡಿ, ಲೇಹ್ಯ ಹುಡುಕಿಕೊಂಡು ಹೊರಡುತ್ತಾನೆ. ಇವು ಪಾಸು ಫೇಲಿನ ಅಂಕಗಳಲ್ಲ. ಒಂದು ವರ್ಷದೊಳಗೆ ತಂದೆಯಾದವರನ್ನು ಸಾಲಾಗಿ ನಿಲ್ಲಿಸಿದರೆ ಅತಿ ಕೆಳಗಿನ ಶೇ 5 ಮಂದಿ ಎಲ್ಲಿ ನಿಲ್ಲುತ್ತಾರೆ ಎಂಬ ಗೆರೆ, ಅಷ್ಟೆ.

ಪರೀಕ್ಷೆ ಕೆಡುವುದು ಹೆಚ್ಚಾಗಿ ಮಾದರಿ ಕೊಡುವಲ್ಲಿ. ಎರಡರಿಂದ ಏಳು ದಿನ ಸಂಪರ್ಕವಾಗಲಿ ಸ್ಖಲನವಾಗಲಿ ಇರಬಾರದು. ಹದಿನೈದು ದಿನ 'ಕೂಡಿಟ್ಟರೆ' ಸಂಖ್ಯೆ ಹೆಚ್ಚಬಹುದು, ಚಲನೆ ಕುಗ್ಗುತ್ತದೆ. ಸೋಪು, ಎಣ್ಣೆ, ಎಂಜಲು ತಾಗಬಾರದು. ಮಾಮೂಲಿ ಕಾಂಡೋಮಿನಲ್ಲಿ ಸಂಗ್ರಹಿಸಿದ್ದು ಕೆಲಸಕ್ಕೆ ಬಾರದು. ಮೊದಲ ಹನಿಗಳಲ್ಲೇ ವೀರ್ಯಾಣು ದಟ್ಟವಾಗಿರುವುದರಿಂದ ಅದು ಡಬ್ಬಿಯ ಹೊರಗೆ ಬಿದ್ದರೆ ಮುಚ್ಚಿಡದೆ ಹೇಳಿಬಿಡಬೇಕು. ಮಾದರಿ ಒಂದು ಗಂಟೆಯೊಳಗೆ ಲ್ಯಾಬಿನಲ್ಲಿರಬೇಕು, ಅದೂ ತಣ್ಣಗಾಗದಂತೆ ಅಂಗಿಯೊಳಗೆ ಮೈಗೆ ತಾಗಿಸಿಕೊಂಡು. ಬಾಗೇಪಲ್ಲಿ ಕಡೆಯ ಹಳ್ಳಿಯಿಂದ ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ತಂದ ಡಬ್ಬಿ ಸುಳ್ಳು ರಿಪೋರ್ಟನ್ನೇ ಕೊಡುತ್ತದೆ. ಲ್ಯಾಬಿನಲ್ಲೇ ಕೊಡುವುದು ಒಳ್ಳೆಯದು. ಫಲಿತಾಂಶ ಕೆಟ್ಟದಾಗಿ ಬಂದರೆ ಮತ್ತೊಮ್ಮೆ ಮಾಡಿಸಬೇಕು. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಹಾಗಾಗಿ ಎರಡು ತಿಂಗಳ ಹಿಂದಿನ ಡೆಂಗಿ ಜ್ವರ ಇವತ್ತಿನ ಹಾಳೆಯಲ್ಲಿ ಕಾಣಿಸಬಹುದು.

ಕೆಲಸ ಏನು ಎಂದು ವೈದ್ಯರು ಕೇಳುವುದು ಮಾತಿಗಲ್ಲ. ವೃಷಣ ಮೈಗಿಂತ ತಂಪಾಗಿರಬೇಕು. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಬೇಯಿಸುವ ಒಲೆಯ ಮುಂದೆ ದಿನವಿಡೀ ಕೂತು ನೂಲು ತೆಗೆಯುವ ರೀಲರ್, ಬಿಸಿ ಎಂಜಿನ್ ಪಕ್ಕ ಕೂರುವ ಲಾರಿ ಚಾಲಕ ಇಬ್ಬರಿಗೂ ಈ ಪ್ರಶ್ನೆ ಬೇಕು. ಕೋಲಾರದ ಟೊಮೆಟೊ ತೋಟದಲ್ಲಿ ಔಷಧಿ ಹೊಡೆಯುವವರಿಗೂ ಬೇಕು: ಡಿಬಿಸಿಪಿ ಎಂಬ ಕೃಷಿ ವಿಷ ತಯಾರಿಸುತ್ತಿದ್ದ ಕ್ಯಾಲಿಫೋರ್ನಿಯಾದ ಕಾರ್ಮಿಕರಲ್ಲಿ ವೀರ್ಯಾಣು ಬರಿದಾದದ್ದು 1977ರಲ್ಲೇ ಬಯಲಾಗಿತ್ತು. ಜಿಮ್‌ನಲ್ಲಿ ಮೈ ಕಟ್ಟಲು ಹಾಕಿಸಿಕೊಳ್ಳುವ ಟೆಸ್ಟೋಸ್ಟೆರಾನ್ ಸೂಜಿ ವೀರ್ಯಾಣು ಉತ್ಪತ್ತಿಯನ್ನೇ ನಿಲ್ಲಿಸುತ್ತದೆ. 'ಗಂಡಸುತನದ ಹಾರ್ಮೋನ್' ಎಂದು ಇದೇ ಸೂಜಿಯನ್ನು ಮಗುವಿಗಾಗಿ ಬರೆದುಕೊಡುವವರೂ ಇದ್ದಾರೆ. ಅದು ಶುದ್ಧ ತಪ್ಪು.

ಹೆಣ್ಣಿನ ಕಡೆಯ ಇತಿಹಾಸದಲ್ಲಿ ಬಹುಕಾಲ ಆಳಿದ್ದು ಡಿ ಅಂಡ್ ಸಿ, ಅಂದರೆ ಗರ್ಭಕೋಶದ ಒಳಪದರವನ್ನು ಕೆರೆದು ತೆಗೆಯುವುದು. 'ಗರ್ಭಕೋಶ ಕ್ಲೀನ್ ಮಾಡಿಸಿದರೆ ಗರ್ಭ ನಿಲ್ಲುತ್ತದೆ' ಎಂಬ ಮಾತು ತುಮಕೂರು, ಕೋಲಾರದ ಹಳ್ಳಿಗಳಲ್ಲಿ ಇನ್ನೂ ಸತ್ತಿಲ್ಲ. ಹಾಗೆ ಕೆರೆಯುವುದು ಬಂಜೆತನಕ್ಕೆ ಚಿಕಿತ್ಸೆಯಲ್ಲ. ಅತಿಯಾಗಿ ಕೆರೆದರೆ ಗರ್ಭಕೋಶದ ಗೋಡೆಗಳೇ ಅಂಟಿಕೊಳ್ಳುತ್ತವೆ ಎಂದು ವೈದ್ಯ ಆಶರ್‌ಮನ್ 1948ರಲ್ಲೇ ವಿವರಿಸಿದ್ದರು.

ಕ್ರಮವಾದ ತಪಾಸಣೆ ಅಂಥ ದೊಡ್ಡದೇನಲ್ಲ. ಹೆಂಡತಿಯ ವಯಸ್ಸು 35ರೊಳಗಿದ್ದರೆ ಒಂದು ವರ್ಷ, ದಾಟಿದ್ದರೆ ಆರು ತಿಂಗಳು ಪ್ರಯತ್ನಿಸಿದ ಮೇಲೆ ಹೋಗಬೇಕು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುವವರು ಕಾಯುವುದೇ ಬೇಡ. ಥೈರಾಯ್ಡ್, ಎದೆಹಾಲಿನ ಹಾರ್ಮೋನ್ ಪ್ರೊಲ್ಯಾಕ್ಟಿನ್, ಅಂಡಾಶಯದ ಸ್ಕ್ಯಾನಿಂಗ್, ಅಗತ್ಯ ಕಂಡರೆ ಉಳಿದಿರುವ ಅಂಡಗಳ ಅಂದಾಜು ಕೊಡುವ ಎಎಂಎಚ್ ರಕ್ತ ಪರೀಕ್ಷೆ. ಅಂಡ ಬಿಡುಗಡೆಯಾಗಿದೆಯೇ ಎಂದು ತಿಳಿಯಲು ಪ್ರೊಜೆಸ್ಟೆರಾನ್ ಪರೀಕ್ಷೆಯನ್ನು ಎಲ್ಲರಿಗೂ '21ನೇ ದಿನ' ಎಂದು ಬರೆಯುವ ರೂಢಿ ಇದೆ. ಅದು ಸರಿಹೋಗುವುದು 28 ದಿನಕ್ಕೆ ಮುಟ್ಟಾಗುವವರಿಗೆ. 35 ದಿನಕ್ಕೆ ಆಗುವವರಲ್ಲಿ 21ನೇ ದಿನ ಅಂಡ ಬಿಟ್ಟೇ ಇರುವುದಿಲ್ಲ, ಅವರಿಗೆ 28ನೇ ದಿನ ಮಾಡಬೇಕು. ದಿನ ಎಣಿಸುವುದು ರಕ್ತ ಕಂಡ ಮೊದಲ ದಿನದಿಂದ. ತಲೆಗೆ ಸ್ನಾನ ಮಾಡಿದ ದಿನದಿಂದ ಎಣಿಸಿದರೆ ಮಾತ್ರೆ, ಸ್ಕ್ಯಾನ್ ಎಲ್ಲವೂ ಮೂರು ದಿನ ತಪ್ಪುತ್ತದೆ.

ಗರ್ಭನಾಳ ತೆರೆದಿದೆಯೇ ಎಂದು ನೋಡುವ ಎಚ್‌ಎಸ್‌ಜಿ ಎಕ್ಸ್‌ರೇಯನ್ನು ಮುಟ್ಟು ನಿಂತ ಮೇಲೆ, ಹತ್ತನೇ ದಿನದೊಳಗೆ ಮಾಡುತ್ತಾರೆ. ನೋವಿಗೆ ನಾಳ ಬಿಗಿದುಕೊಂಡರೂ 'ಬ್ಲಾಕ್' ಎಂದೇ ಕಾಣುತ್ತದೆ. ಒಂದೇ ಚಿತ್ರ ನೋಡಿ ಕೈಚೆಲ್ಲಬೇಕಿಲ್ಲ. ನಮ್ಮ ದೇಶದಲ್ಲಿ ನಾಳ ಕೆಡಿಸುವ ದೊಡ್ಡ ಕಾರಣಗಳಲ್ಲಿ ಕ್ಷಯ ಒಂದು, ಕೆಮ್ಮಿಲ್ಲದೆಯೂ ಅದು ಗರ್ಭಕೋಶ ಸೇರಿರಬಹುದು. ಆದರೆ ಕ್ಷಯದ ರೋಗಾಣುವಿನ ಅಂಶ ಹುಡುಕುವ ಪಿಸಿಆರ್ ಪರೀಕ್ಷೆ ಒಂದೇ ಪಾಸಿಟಿವ್ ಬಂದದ್ದಕ್ಕೆ ಆರು ತಿಂಗಳ ಟಿಬಿ ಮಾತ್ರೆ ಶುರು ಮಾಡುವ ಮುನ್ನ ಎರಡನೇ ಅಭಿಪ್ರಾಯ ಕೇಳುವುದು ಮೇಲು.

ಅಂಡ ಬಿಡಿಸುವ ಮಾತ್ರೆಗಳ ಕಾಲ ಆರಂಭವಾದದ್ದು 1961ರಲ್ಲಿ, ಕ್ಲೋಮಿಫೀನ್‌ನಿಂದ. ಇಂದು ಪಿಸಿಒಡಿ (ಹಾರ್ಮೋನ್ ಏರುಪೇರಿನಿಂದ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇರುವವರಿಗೆ ಮೊದಲ ಆಯ್ಕೆ ಲೆಟ್ರೊಜೋಲ್, ಸಾಮಾನ್ಯವಾಗಿ 2.5 ಮಿಲಿಗ್ರಾಂನಿಂದ ಆರಂಭಿಸಿ ಐದು ದಿನ. ಇದು ಸ್ತನ ಕ್ಯಾನ್ಸರಿನ ಔಷಧಿಯೂ ಹೌದು. ಮೆಡಿಕಲ್ ಶಾಪಿನವರ ಒಂದು ಮಾತಿಗೆ ಹೆದರಿ ಮಾತ್ರೆ ಬಿಟ್ಟವರಿದ್ದಾರೆ. ಬಂಜೆತನಕ್ಕೆ ಬಳಸುವುದನ್ನು ಕೇಂದ್ರ ಸರ್ಕಾರ 2011ರಲ್ಲಿ ನಿಷೇಧಿಸಿ 2017ರಲ್ಲಿ ತೆರವು ಮಾಡಿತು. ಅದರ ನಡುವೆ, 2014ರಲ್ಲಿ, ಪಿಸಿಒಡಿ ಇರುವವರಲ್ಲಿ ಕ್ಲೋಮಿಫೀನ್‌ಗಿಂತ ಇದರಲ್ಲೇ ಹೆಚ್ಚು ಮಕ್ಕಳು ಹುಟ್ಟುತ್ತವೆ ಎಂದು ಅಮೆರಿಕದ ದೊಡ್ಡ ಅಧ್ಯಯನ ತೋರಿಸಿತ್ತು. ಅಂಡ ಬೆಳೆಯುವ ಪುಟ್ಟ ಚೀಲ (ಫಾಲಿಕಲ್) 18ರಿಂದ 20 ಮಿಲಿಮೀಟರ್ ಆದಾಗ ಅಂಡ ಬಿಡಿಸುವ ಎಚ್‌ಸಿಜಿ ಸೂಜಿ, ಒಂದೂವರೆ ದಿನದೊಳಗೆ ಸಂಪರ್ಕ ಅಥವಾ ಐಯುಐ, ಅಂದರೆ ಗಂಡನ ವೀರ್ಯಾಣುವನ್ನು ನೇರ ಗರ್ಭಕೋಶಕ್ಕೆ ಬಿಡುವುದು. ಐಯುಐ ಮೂರು ನಾಲ್ಕು ಸಲ ಫಲಿಸದಿದ್ದರೆ ಏಳನೆಯದು, ಎಂಟನೆಯದು ಎಂದು ಎಳೆಯುವುದರಲ್ಲಿ ಅರ್ಥವಿಲ್ಲ, 35 ದಾಟಿದವರಿಗಂತೂ ಅದು ಕಳೆದುಹೋದ ಅವಧಿಯೇ.

ಅಂಡ, ವೀರ್ಯಾಣುಗಳನ್ನು ದೇಹದ ಹೊರಗೆ ಸೇರಿಸುವ ಐವಿಎಫ್‌ನ ಕತೆಯಲ್ಲಿ ನಮ್ಮ ದೇಶಕ್ಕೆ ನಾಚಿಕೆಯ ಅಧ್ಯಾಯವೊಂದಿದೆ. ಇಂಗ್ಲೆಂಡಿನಲ್ಲಿ 1978ರ ಜುಲೈ 25ರಂದು ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದಳು. ಎಪ್ಪತ್ತು ದಿನಕ್ಕೆ, ಅಕ್ಟೋಬರ್ 3ರಂದು, ಕೋಲ್ಕತ್ತದಲ್ಲಿ ವೈದ್ಯ ಸುಭಾಷ್ ಮುಖ್ಯೋಪಾಧ್ಯಾಯರ ಪ್ರಯತ್ನದಿಂದ 'ದುರ್ಗಾ' ಹುಟ್ಟಿದಳು. ಬ್ರಿಟಿಷ್ ತಂಡ ಸಹಜವಾಗಿ ಬೆಳೆದ ಒಂದೇ ಅಂಡವನ್ನು ಲ್ಯಾಪ್ರೊಸ್ಕೋಪಿಯಿಂದ ತೆಗೆದಿತ್ತು. ಇವರು ಸೂಜಿಮದ್ದಿನಿಂದ ಹಲವು ಅಂಡ ಬೆಳೆಸಿ, ಯೋನಿಮಾರ್ಗದಿಂದ ತೆಗೆದು, ಭ್ರೂಣವನ್ನು ಹೆಪ್ಪುಗಟ್ಟಿಸಿಟ್ಟು ನಂತರ ಗರ್ಭಕೋಶಕ್ಕೆ ಬಿಟ್ಟರು. ಇಂದು ಎಲ್ಲೆಡೆ ನಡೆಯುವ ಕ್ರಮ ಅದೇ. ಸರ್ಕಾರಿ ಸಮಿತಿ ನಂಬಲಿಲ್ಲ. ಅವರನ್ನು ಕಣ್ಣಿನ ಸಂಸ್ಥೆಗೆ ವರ್ಗ ಮಾಡಲಾಯಿತು, 1981ರ ಜೂನ್‌ನಲ್ಲಿ ಅವರು ಜೀವ ತೆಗೆದುಕೊಂಡರು. 1986ರಲ್ಲಿ ಮುಂಬಯಿಯಲ್ಲಿ ಇಂದಿರಾ ಹಿಂದುಜಾ ಜೊತೆ ದೇಶದ 'ಮೊದಲ' ಪ್ರನಾಳ ಶಿಶುವಿನ ಕೀರ್ತಿ ಪಡೆದ ವಿಜ್ಞಾನಿ ಟಿ.ಸಿ. ಆನಂದ ಕುಮಾರ್, ಮುಖ್ಯೋಪಾಧ್ಯಾಯರ ಟಿಪ್ಪಣಿಗಳನ್ನು ಓದಿ, ಆ ಹೆಸರು ತನ್ನದಲ್ಲ ಎಂದು 1997ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ವಿಜ್ಞಾನ ಲೋಕದಲ್ಲಿ ಇಂಥ ಬರಹ ಅಪರೂಪ.

ಗಂಡಸಿನ ಪಾಲಿಗೆ ದೊಡ್ಡ ತಿರುವು ಬಂದದ್ದು 1992ರಲ್ಲಿ: ಬ್ರಸೆಲ್ಸ್‌ನಲ್ಲಿ ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗಿಟ್ಟ ಇಕ್ಸಿ. ಸ್ಖಲನದಲ್ಲಿ ಸೊನ್ನೆ ಇದ್ದರೂ ವೃಷಣದಿಂದ ನೇರ ತೆಗೆದು ಬಳಸುವ ದಾರಿ ಇದರಿಂದ ತೆರೆಯಿತು. ವೀರ್ಯ ಚೆನ್ನಾಗಿದ್ದವರಿಗೆ ಇಕ್ಸಿಯಿಂದ ಹೆಚ್ಚಿನ ಲಾಭವಿಲ್ಲ, ಬಿಲ್ಲಿನಲ್ಲಿ ಅದು ಏಕಿದೆ ಎಂದು ಕೇಳಬಹುದು.

2022ರ ಜನವರಿ 25ರಿಂದ ಜಾರಿಯಲ್ಲಿರುವ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ) ಕಾಯಿದೆಯಂತೆ ನೋಂದಣಿಯಿಲ್ಲದ ಕ್ಲಿನಿಕ್ ಈ ಚಿಕಿತ್ಸೆ ನೀಡುವಂತಿಲ್ಲ. ಹೆಂಡತಿಗೆ 21ರಿಂದ 50, ಗಂಡನಿಗೆ 21ರಿಂದ 55 ವಯಸ್ಸಿನ ಮಿತಿ. ಮಗು ಗಂಡೋ ಹೆಣ್ಣೋ ಎಂದು ಆರಿಸಿಕೊಡುವುದು ಅಪರಾಧ. ಒಂದನೇ ಹಂತದ ಕ್ಲಿನಿಕ್‌ಗೆ ಐಯುಐವರೆಗೆ ಮಾತ್ರ ಅನುಮತಿ, ಅಂಡ ತೆಗೆಯಲು ಎರಡನೇ ಹಂತದ್ದೇ ಬೇಕು. ಐವಿಎಫ್‌ನಲ್ಲಿ ಸುಮಾರು ಹತ್ತು ದಿನ ಅಂಡ ಬೆಳೆಸುವ ಸೂಜಿ, ನಾಲ್ಕೈದು ಸ್ಕ್ಯಾನ್. ಹೊಟ್ಟೆ ಉಬ್ಬಿ, ತೂಕ ದಿಢೀರ್ ಏರಿ, ಉಸಿರು ಕಟ್ಟಿದರೆ ಅಂಡಾಶಯ ಅತಿಯಾಗಿ ಕೆರಳಿದೆ ಎಂದರ್ಥ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕೊನೆಯ ಸೂಜಿಯ ಸಮಯವನ್ನು ನಿಮಿಷ ನೋಡಿ ಪಾಲಿಸಬೇಕು: ರಾತ್ರಿ ಹತ್ತಕ್ಕೆ ಹಾಕಿಸಿದರೆ ಮೂರನೇ ದಿನ ಬೆಳಗ್ಗೆ ಒಂಬತ್ತು, ಹತ್ತರೊಳಗೆ ಅಂಡ ತೆಗೆಯಬೇಕು. ತಡವಾದರೆ ಅವು ಒಳಗೇ ಬಿಟ್ಟುಹೋಗುತ್ತವೆ. ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆಯುವ ಪಾವಗಡದವರು ಬೆಳಗಿನ ಮೊದಲ ಬಸ್ಸನ್ನು ನಂಬದೆ ಹಿಂದಿನ ರಾತ್ರಿಯೇ ಬೆಂಗಳೂರು ಸೇರಿಕೊಂಡಿರಬೇಕು, ಇಬ್ಬರೂ. ಅಂಡ ತೆಗೆಯುವ ದಿನವೇ ಗಂಡನ ಮಾದರಿಯೂ ಬೇಕು.